ಆಗುಂಬೆಯ ಹವೆ: ವಿಹಾರಕ್ಕೋ, ವಾಸಕ್ಕೋ?

ಮಹಾನಗರದಲ್ಲಿ ಮೂರು ದಶಕಗಳನ್ನು ಕಳೆದ ಕನ್ನಡಿಗರ ಮಾತು ನಿವೃತ್ತಿಯ ಕಡೆಗೆ ಹೊರಳಿತೆಂದರೆ, ಅದು ಬಹುಮಟ್ಟಿಗೆ ಮಲೆನಾಡಿನ ಯಾವುದಾದರೊಂದು ಹಳ್ಳಿಯಲ್ಲಿ ಹೋಗಿ ನಿಲ್ಲುತ್ತದೆ. ಭವಿಷ್ಯನಿಧಿಯ ಹಣದಲ್ಲಿ ಹೆಂಚಿನ ಮನೆಯೊಂದನ್ನು ಕಟ್ಟಿಸಬೇಕು, ನಿರ್ಮಲವಾದ ಗಾಳಿಯನ್ನು ಸೇವಿಸಬೇಕು, ದಿನಕ್ಕೆ ನಾಲ್ಕು ಮೈಲಿ ನಡೆಯಬೇಕು, ರಕ್ತದೊತ್ತಡದ ಗುಳಿಗೆಗಳನ್ನು ಮರೆಯಬೇಕು. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಇಂತಹ ಯೋಜನೆಗಳನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಅವುಗಳಲ್ಲಿ ಜಮೆಯ ಬಾಬತ್ತುಗಳೆಲ್ಲವೂ ತುಂಬಿರುತ್ತವೆ. ಖರ್ಚಿನ ಕಡೆಯ ಪುಟ ಮಾತ್ರ ಖಾಲಿ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿದವನು. ಆದಕಾರಣ ಹವೆಯನ್ನು ಕೂಡ ಎರಡೂ ಪುಟಗಳಲ್ಲಿ ನೋಡುವುದು ನನಗೆ ಅಭ್ಯಾಸವಾಗಿದೆ. ಉದಾಹರಣೆಗೆ, ನಮ್ಮಲ್ಲಿ ಬಹುಮಂದಿಗೆ ಹೆಸರಿನಿಂದಲಾದರೂ ಪರಿಚಿತವಾಗಿರುವ ಆಗುಂಬೆಯನ್ನೇ ತೆಗೆದುಕೊಳ್ಳೋಣ.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿಯೇ ಕುಳಿತಿದೆ. ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬರುವ ನೈರುತ್ಯ ಮಾರುತವು ಕರಾವಳಿಯ ಬಯಲನ್ನು ದಾಟಿದೊಡನೆಯೇ ಈ ಕಡಿದಾದ ಗೋಡೆಗೆ ತಾಗಿ, ಮೇಲೇರಿ, ತಂಪಾಗಿ, ಹೊತ್ತುದನ್ನೆಲ್ಲ ಇಲ್ಲಿ ಸುರಿಯುತ್ತದೆ. ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಮುಂಬಯಿಯ ಮಳೆಯನ್ನು ಕುರಿತು ದೂರುವ ನಾವು ತಿಳಿಯಬೇಕಾದುದೆಂದರೆ, ನಮ್ಮ ಪಾಲಿಗೆ ಬರುವುದು ಅದರ ಮೂರರಲ್ಲೊಂದು ಭಾಗದಷ್ಟು ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದು ನಗರವೇ ನಿಂತುಹೋದುದನ್ನು ನಾವಾರೂ ಮರೆತಿಲ್ಲ. ಆಗುಂಬೆಯಲ್ಲಿ 1946ರ ಆಗಸ್ಟ್ ತಿಂಗಳೊಂದರಲ್ಲಿಯೇ 4,508 ಮಿಲಿಮೀಟರ್ ಮಳೆಯಾದ ದಾಖಲೆಯಿದೆ.

ಮೊದಲು ಜಮೆಯ ಪುಟ. ಮಳೆ ಹಿಂದೆ ಸರಿದ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ, ಇಲ್ಲಿಯ ಹವೆಗೆ ಸಾಟಿಯಿಲ್ಲ. ಬೆಳಗಿನ ಮಂಜು, ಹಗಲಿನ ಎಳೆಬಿಸಿಲು, ಸಂಜೆ ಘಾಟಿಯ ತುದಿಯಲ್ಲಿ ಸೂರ್ಯಾಸ್ತ. ಆಕಾಶ ತಿಳಿಯಾಗಿದ್ದ ದಿನ ಸೂರ್ಯನು ದೂರದ ಅರಬ್ಬೀ ಸಮುದ್ರಕ್ಕಿಳಿಯುವುದು ಇಲ್ಲಿಂದಲೇ ಕಾಣುತ್ತದೆ. ಕುಂದಾದ್ರಿಯ ಬೆಟ್ಟ, ಅದರ ಮೇಲಣ ಜೈನ ಬಸದಿ, ಜೋಗಿಗುಂಡಿ, ಒನಕೆ ಅಬ್ಬಿ, ಸೀತಾನದಿಯ ಬರ್ಕಣ ಇವೆಲ್ಲವೂ ಸಮೀಪದಲ್ಲಿವೆ. ಕಾಡಿನೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು. ಶಂಕರನಾಗ್ ಅವರು 1980ರ ದಶಕದಲ್ಲಿ ಮಾಲ್ಗುಡಿಯನ್ನು ಹುಡುಕಿಕೊಂಡು ಈ ಊರಿಗೆ ಬಂದುದು ಸುಮ್ಮನೆ ಅಲ್ಲ. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಕಲ್ ರೈಲಿನಲ್ಲಿ ನಿಂತೇ ಆಯುಷ್ಯವನ್ನು ಕಳೆಯುವ ನಮಗೆ ಅದು ವ್ರತದಂತೆ ತೋರಿದರೆ, ಇಲ್ಲಿ ಹಾಲು ತರಲು ಹೊರಟವನಿಗೂ ತಾನಾಗಿ ಕೈಗೂಡುತ್ತದೆ.

ಆದರೆ ವಿಹಾರಕ್ಕೆ ಒದಗುವ ಈ ತಿಂಗಳುಗಳೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಸ್ ರೋಗವು ಉಣುಗುಗಳ ಕಡಿತದಿಂದ ಮನುಷ್ಯನಿಗೆ ತಗಲುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಹಠಾತ್ತನೆ ಏರುವ ಜ್ವರ, ತೀವ್ರ ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ನಿರ್ದಿಷ್ಟವಾದ ಔಷಧವಿಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ಕೈಬಿಡಲಾಗಿದೆ. ಆದುದರಿಂದ ತೋಟ ಕಾಡುಗಳಿಗೆ ಹೋಗುವಾಗ ಮೈಮುಚ್ಚುವ ಉಡುಪನ್ನು ಧರಿಸಬೇಕು. ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು. ಸತ್ತ ಮಂಗವನ್ನು ಕಂಡರೆ ಸಮೀಪಕ್ಕೆ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮಳೆಗಾಲದ ಇಂಬಳಕ್ಕೆ ಹೆದರಿ ಹೌಹಾರುವ ಪೇಟೆಯವರು ಬೇಸಗೆಯ ಉಣುಗನ್ನು ಗಮನಿಸುವುದೇ ಇಲ್ಲ. ಇಂಬಳ ಹಿಡಿದರೆ ಚಿಟಿಕೆ ಉಪ್ಪು ಸಾಕು.

ಇನ್ನು ಮಳೆಗಾಲ. ಹುಟ್ಟಿನಿಂದ ಅಲ್ಲಿರುವವರು ಅದಕ್ಕೆ ತಕ್ಕಂತೆ ಮನೆಯನ್ನೂ ಮನಸ್ಸನ್ನೂ ಕಟ್ಟಿಕೊಂಡಿರುತ್ತಾರೆ. ಸೌದೆ ಬೇಸಗೆಯಲ್ಲಿಯೇ ಒಳಸೇರಿರುತ್ತದೆ; ಒದ್ದೆ ಬಟ್ಟೆ ಬಚ್ಚಲೊಲೆಯ ಮೇಲೆ ಒಣಗುತ್ತದೆ; ಜಗಲಿಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿಗಳು ನಿಂತಿರುತ್ತವೆ. ಸಿಮೆಂಟಿನ ಮನೆ ಕಟ್ಟಿಸಿಕೊಂಡು ಬಂದ ಹೊಸಬನಿಗೆ ಗೋಡೆಯ ತೇವ, ಹಾಸಿಗೆಯ ಬೂಷ್ಟು, ದಿನಗಟ್ಟಲೆ ಬಾರದ ವಿದ್ಯುತ್ತು, ಇವು ಕಾದಿರುತ್ತವೆ. ದೊಡ್ಡ ಚಿಕಿತ್ಸೆಗೆ 30 ಕಿಲೋಮೀಟರಿಗೂ ದೂರದ ತೀರ್ಥಹಳ್ಳಿಗೆ ಹೋಗಬೇಕು. ಇಲ್ಲವೇ 14 ತಿರುವುಗಳ ಘಾಟಿಯನ್ನಿಳಿದು ಸುಮಾರು 50 ಕಿಲೋಮೀಟರ್ ದೂರದ ಮಣಿಪಾಲಕ್ಕೆ. ಘಾಟಿಯಲ್ಲಿ ಮಣ್ಣು ಕುಸಿದ ದಿನ ಆ ದಾರಿಯೂ ಇಲ್ಲ.

ನನಗೆ ಪರಿಚಿತರಾದ ಡೊಂಬಿವಲಿಯ ಹಿರಿಯರೊಬ್ಬರು ಆಗುಂಬೆಯಿಂದ ಅನತಿದೂರದಲ್ಲಿ ಮನೆ ಕಟ್ಟಿಸಿದರು. ಸ್ಥಳವನ್ನು ನೋಡಿದ್ದು ಒಂದು ಜನವರಿಯಲ್ಲಿ. ಗೃಹಪ್ರವೇಶ ಮರುವರ್ಷದ ಫೆಬ್ರುವರಿಯಲ್ಲಿ. ನಡುವಣ ಆಷಾಢದಲ್ಲಿ ಅತ್ತ ಹೋಗಲು ಅವರಿಗೆ ರಜೆ ದೊರೆಯಲಿಲ್ಲ. ಅವರ ಪತ್ನಿಗೆ ಬಹುಕಾಲದಿಂದ ಉಬ್ಬಸ. ಬೂಷ್ಟು ಹಿಡಿದ ತೇವದ ಮನೆ ಉಬ್ಬಸವನ್ನು ಕೆರಳಿಸುತ್ತದೆಂದು ವೈದ್ಯರೆಲ್ಲರೂ ಹೇಳುತ್ತಾರೆ; ಹಾಗೆಯೇ ಆಯಿತು. ಜುಲೈನ ಒಂದು ರಾತ್ರಿ ಆಕೆಗೆ ಉಸಿರು ಸಿಕ್ಕಿಕೊಂಡಾಗ ನೆಬ್ಯುಲೈಸರ್ ಹಾಕಲು ವಿದ್ಯುತ್ತಿಲ್ಲ, ಕರೆಯಲು ಫೋನಿನ ಸಂಪರ್ಕವಿಲ್ಲ, ರಸ್ತೆಗಡ್ಡವಾಗಿ ಮರ ಬಿದ್ದಿದೆ. ನೆರೆಯ ತೋಟದವರು ಕಂಬಳಿಕೊಪ್ಪೆ ಹಾಕಿಕೊಂಡು ಬಂದು, ಮರವನ್ನು ಕಡಿದು, ತಮ್ಮ ಜೀಪಿನಲ್ಲಿ ತೀರ್ಥಹಳ್ಳಿಗೆ ಕರೆದೊಯ್ಯುವಾಗ ಬೆಳಗಿನ ಜಾವ. ಆಕೆ ಬದುಕಿದರು. ಅಂತಹ ನೆರೆಹೊರೆ ನಮ್ಮ ಹತ್ತು ಮಹಡಿಯ ಕಟ್ಟಡಗಳಲ್ಲಿ ದೊರೆತೀತೇ ಎಂಬುದು ಬೇರೆ ಪ್ರಶ್ನೆ. ನನ್ನ ಲೆಕ್ಕದಲ್ಲಿ ಅದು ಜಮೆಯ ಪುಟಕ್ಕೆ ಸೇರತಕ್ಕದ್ದು.

ಸಾಲ ಕೊಡುವ ಮೊದಲು ಬ್ಯಾಂಕಿನವರು ಸ್ಥಳ ಪರಿಶೀಲನೆಗೆ ಹೋಗುತ್ತಾರೆ. ಊರಿಗೆ ಮರಳಬಯಸುವವರಿಗೆ ನಾನು ಹೇಳುವುದೂ ಅದನ್ನೇ: ಒಂದು ಆಷಾಢವನ್ನು ಬಾಡಿಗೆಯ ಮನೆಯಲ್ಲಿ ಕಳೆಯಿರಿ, ಆಮೇಲೆ ನಿವೇಶನವನ್ನು ಕೊಳ್ಳಿರಿ. ಡೊಂಬಿವಲಿಯ ಆ ದಂಪತಿಗಳು ಮನೆಯನ್ನು ಮಾರಲಿಲ್ಲ. ಮೃಗಶಿರಾ ಮಳೆ ಹಿಡಿಯುವ ಮುನ್ನ ಮಗನ ಮನೆಗೆ ಬರುತ್ತಾರೆ, ದೀಪಾವಳಿಯನ್ನು ಮುಗಿಸಿಕೊಂಡು ಹಿಂದಿರುಗುತ್ತಾರೆ. ಕೀಲಿಕೈ ಆ ತೋಟದವರ ಬಳಿಯಿರುತ್ತದೆ. ಮಳೆ ಹೊಳವಾದ ದಿನಗಳಲ್ಲಿ ಅವರು ಬಾಗಿಲು ತೆರೆದು ಮನೆಗೆ ಗಾಳಿಯಾಡಿಸುತ್ತಾರೆ.