ಬೂದಿದಿಬ್ಬದ ದನ, ರೋಮಿನ ಬೆಳ್ಳಿ

ಮುಂಗಾರಿನ ಮೊದಲ ಹದಮಳೆ ಬಿದ್ದು ಎರಡು ದಿನ ಕಳೆದ ಮೇಲೆ ಹೊಲದ ನೆಲ ಕಾಣುವ ರೀತಿಯೇ ಬೇರೆ. ರೆಂಟೆ ಮೇಲೆತ್ತಿದ ಹೆಂಟೆಗಳನ್ನು ಮಳೆ ತೊಳೆದಿರುತ್ತದೆ. ಒಳಗಿದ್ದ ಕಲ್ಲು, ಎಲುಬು, ಬೋಕಿ ಚೂರುಗಳೆಲ್ಲ ಮೈತೊಳೆದುಕೊಂಡು ಹೊರಗೆ ಕೂತಿರುತ್ತವೆ. ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಎರೆಹೊಲವಿರಲಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ನೆಲವಿರಲಿ, ಬಿತ್ತನೆಗೆ ಮುಂಚಿನ ಆ ನಾಲ್ಕಾರು ದಿನಗಳು ಪುರಾತತ್ವದವರಿಗೆ ಹಬ್ಬ. ಸಾಲು ಹಿಡಿದು, ನೆಲದ ಮೇಲೆ ಕಣ್ಣಿಟ್ಟು, ಬದುವಿನಿಂದ ಬದುವಿಗೆ ನಡೆಯುವುದೇ ಅವರ ಮೊದಲ ಕೆಲಸ. ಅಗೆತ, ಪ್ರಯೋಗಾಲಯ ಎಲ್ಲ ಆಮೇಲೆ.

ಹಾಗೆ ಸಿಗುವ ಬೋಕಿಯೊಂದನ್ನು ಹತ್ತಿರದಿಂದ ನೋಡೋಣ. ಅಂಗೈ ಅಗಲದ ಚೂರು. ಹೊರಮೈ ಕೆಂಪು, ಒಳಮೈ ಮತ್ತು ಬಾಯಂಚು ಕಾಡಿಗೆಯಂತೆ ಕಪ್ಪು. ಬೆರಳಾಡಿಸಿದರೆ ಎಣ್ಣೆ ಸವರಿದಂತೆ ನುಣುಪು. ಕುಂಬಾರನು ಪಾತ್ರೆಯನ್ನು ಬೋರಲು ಹಾಕಿ ಸುಟ್ಟಿದ್ದಾನೆ ಎಂದು ಆ ಎರಡು ಬಣ್ಣಗಳೇ ಹೇಳುತ್ತವೆ. ಗಾಳಿ ತಾಗಿದ ಹೊರಮೈಯಲ್ಲಿ ಮಣ್ಣಿನ ಕಬ್ಬಿಣಾಂಶ ಆಮ್ಲಜನಕದೊಡನೆ ಕೂಡಿ ಕೆಂಪಾಯಿತು. ಬೂದಿಯಲ್ಲಿ ಹೂತ ಬಾಯಿಗೂ ಒಳಭಾಗಕ್ಕೂ ಗಾಳಿ ಸಿಗದೆ ಅವು ಕಪ್ಪಾಗಿ ಉಳಿದವು. ದಕ್ಷಿಣ ಭಾರತದಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲದ ಬೃಹತ್ ಶಿಲಾಗೋರಿಗಳಲ್ಲಿ ಇಂಥ ಪಾತ್ರೆಗಳು ರಾಶಿ ರಾಶಿಯಾಗಿ ಸಿಕ್ಕಿವೆ. ಹುಡುಗಿಯರು ಕುಂಟೆಬಿಲ್ಲೆ ಆಡಲು ಆರಿಸಿಕೊಂಡ ಬೋಕಿ ಎರಡು ಸಾವಿರ ವರ್ಷದ ಹಿಂದೆ ಯಾರದೋ ಊಟದ ಬಟ್ಟಲಾಗಿದ್ದರೆ ಆಶ್ಚರ್ಯವಿಲ್ಲ.

ಈ ಸೀಮೆಯ ಹಳೆಯ ಕುರುಹುಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದವು ಬೂದಿದಿಬ್ಬಗಳು. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ದಾಟುವಾಗ ಪಕ್ಕದಲ್ಲೇ ಒಂದಿದೆ. ಹಂಪಿ ಬಳಿಯ ನಿಂಬಾಪುರದಲ್ಲಿರುವುದನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬೇರೆ ಕಡೆ ಅದು ರಕ್ಕಸನ ಬೂದಿ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೂ ಇವುಗಳ ಮುಂದೆ ತಬ್ಬಿಬ್ಬಾದರು. ಜ್ವಾಲಾಮುಖಿಯೇ, ಕಬ್ಬಿಣ ಕರಗಿಸಿದ ಕಿಟ್ಟವೇ, ಯುದ್ಧದಲ್ಲಿ ಸತ್ತವರ ಚಿತೆಯೇ ಎಂದೆಲ್ಲ ವಾದ ನಡೆಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನೆಲ್ಲ ತಿರುಗಿ, ಕಲ್ಲಿನ ಕೊಡಲಿಗಳನ್ನು ಒಟ್ಟುಮಾಡಿ, ಇದು ಸುಟ್ಟ ಸಗಣಿ ಎಂಬ ಕಡೆಗೆ ಬೆರಳು ತೋರಿಸಿದ್ದರು. 1960ರಲ್ಲಿ ಪ್ರಕಟವಾದ ಎಫ್.ಇ. ಜೋಯ್ನರ್ ಅವರ ಪ್ರಯೋಗಾಲಯ ಪರೀಕ್ಷೆ ಆ ಊಹೆಯನ್ನು ಗಟ್ಟಿಮಾಡಿತು.

ಗುಡ್ಡದಷ್ಟು ಸಗಣಿ ಎಲ್ಲಿಂದ ಬಂತು? ಉತ್ತರ ಸಿಕ್ಕಿದ್ದು 1957ರಲ್ಲಿ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ. ಅಲ್ಲಿ ಅಗೆದ ಎಫ್.ಆರ್. ಆಲ್‌ಚಿನ್ ಅವರಿಗೆ ಬೂದಿಯ ಅಡಿಯಲ್ಲಿ ಗೂಟ ನೆಟ್ಟ ಕುಳಿಗಳ ಸಾಲು ಕಂಡಿತು. ಅದು ದೊಡ್ಡಿಯ ಬೇಲಿ. ಬೇಲಿಯ ಒಳಗೆ ದನಗಳ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹಸಿ ನೆಲದಲ್ಲಿ ಕಾಲೂರಿದ ಹಸುವಿನ ಹೆಜ್ಜೆ! ಹಟ್ಟಿಯಲ್ಲಿ ಸಗಣಿ ಪದರ ಪದರವಾಗಿ ಬಿದ್ದು, ಆಗಾಗ ಅದಕ್ಕೆ ಬೆಂಕಿ ಇಟ್ಟು, ಮತ್ತೆ ದನ ಕಟ್ಟಿ, ಮತ್ತೆ ಸುಟ್ಟು ದಿಬ್ಬ ಬೆಳೆದಿದೆ. ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಇರುತ್ತದೆ. ಬೆಂಕಿ ಜೋರಾದ ಕಡೆ ಅದು ಕರಗಿ ಗಾಜಿನಂತೆ ಗಟ್ಟಿಯಾಯಿತು. ಮೊದಲಿನವರು ಕಿಟ್ಟವೆಂದು ಮೋಸಹೋದದ್ದು ಇದನ್ನು ನೋಡಿಯೇ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ದನದ ದೊಡ್ಡಿಯ ಜೊತೆಗೆ ಮನೆಗಳೂ ಮಾಂಸ ಹೆಚ್ಚುತ್ತಿದ್ದ ಕಲ್ಲಿನಾಯುಧಗಳ ನೆಲವೂ ಸಿಕ್ಕವು. ಇಂಥ ದಿಬ್ಬಗಳು ಕೃಷ್ಣಾ–ತುಂಗಭದ್ರಾ ಸೀಮೆಯಲ್ಲಿ ನೂರಕ್ಕೂ ಹೆಚ್ಚಿವೆ.

ಆ ದನಗಾಹಿಗಳು ಉಣ್ಣುತ್ತಿದ್ದುದು ಏನು? ಬಳ್ಳಾರಿ ಪಕ್ಕದ ಸಂಗನಕಲ್ಲು, ಸಿರುಗುಪ್ಪದ ತೆಕ್ಕಲಕೋಟೆ, ತುಂಗಭದ್ರೆಯ ದಡದ ಹಳ್ಳೂರು ಇಲ್ಲೆಲ್ಲ ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ತಳಕ್ಕೆ ಇಳಿಯಿತು, ಸುಟ್ಟು ಕರಿಕಾದ ಕಾಳುಗಳು ತೇಲಿದವು. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಸಸ್ಯ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಹುರುಳಿ, ಹೆಸರು, ಕೊರಲೆ ಮತ್ತು ಇನ್ನೊಂದು ಸಣ್ಣ ಕಿರುಧಾನ್ಯವನ್ನು ಗುರುತಿಸಿದರು. ಈ ಬೆಳೆಗಳನ್ನು ಹೊರಗಿನವರಿಂದ ಪಡೆಯದೆ ದಕ್ಷಿಣದವರೇ ಪಳಗಿಸಿರಬೇಕು ಎಂಬುದು ಅವರ ವಾದ. ಹರಪನಹಳ್ಳಿ, ಕೂಡ್ಲಿಗಿಯ ಮಸಾರಿಯಲ್ಲಿ ಮಳೆ ಕೈಕೊಟ್ಟ ವರ್ಷವೂ ಹುರುಳಿ ಏಳುವುದನ್ನು ಬಲ್ಲವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಜೋಳದ ರೊಟ್ಟಿ ಮಾತ್ರ ಆಗ ಇರಲಿಲ್ಲ, ಜೋಳ ಆಫ್ರಿಕದಿಂದ ಬಂದದ್ದು. ಇಂದು ಇಲ್ಲಿನ ಹೊಲ ತುಂಬಿರುವ ಮೆಕ್ಕೆಜೋಳವೂ ಶೇಂಗಾವೂ ಅಮೆರಿಕದವು, ಈ ನೆಲಕ್ಕೆ ಬಂದು ಐದು ಶತಮಾನ ಕೂಡ ಆಗಿಲ್ಲ.

ಇನ್ನು ರೋಮಿನ ಮಾತು. ಕರ್ನಾಟಕದಲ್ಲಿ ರೋಮನ್ನರ ಊರಿರಲಿಲ್ಲ, ಅವರ ದಂಡೂ ಇಲ್ಲಿಗೆ ಬಂದಿಲ್ಲ. ಬಂದದ್ದು ಅವರ ಹಣ. ಮೆಣಸು, ಹತ್ತಿಬಟ್ಟೆ, ರತ್ನಗಳಿಗಾಗಿ ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಎಳೆದುಕೊಳ್ಳುತ್ತಿದೆ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ದೂರಿದ್ದ. ಆ ಹಣದ ಒಂದಿಷ್ಟು ಚೂರು ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದೆ. ಚಂದ್ರವಳ್ಳಿಯ ಬೆಳ್ಳಿ ನಾಣ್ಯ ಮಾತ್ರ ಬರೀ ನಾಣ್ಯವಾಗಿ ಉಳಿಯಲಿಲ್ಲ. ಕೂಡ್ಲಿಗಿಯ ಹೊಲಗಳ ವಯಸ್ಸನ್ನೂ ಅಳೆಯುವ ಗಡಿಯಾರವಾಯಿತು.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ಕೂಡ್ಲಿಗಿಗೆ ನೆರೆಯಾದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆದರು. ಅವರಿಗೂ ಮುಂಚೆ ಮೈಸೂರಿನ ಎಂ.ಎಚ್. ಕೃಷ್ಣ ಎರಡೂ ಕಡೆ ಕೆಲಸ ಮಾಡಿದ್ದರು. ಆ ಮೊದಲ ಗುದ್ದಲಿಯನ್ನು ಮರೆಯುವುದು ಅನ್ಯಾಯ. ಬ್ರಹ್ಮಗಿರಿಯಲ್ಲಿ ವೀಲರ್ ಒಂದರ ಮೇಲೊಂದು ಮೂರು ಕಾಲದ ಪದರ ಕಂಡರು: ತಳದಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಶಿಲಾಗೋರಿಯ ಕಬ್ಬಿಣದವರು, ಮೇಲೆ ಶಾತವಾಹನ ಕಾಲದ ಊರು. ಇವುಗಳಿಗೆ ಇಸವಿ ಹಚ್ಚುವುದು ಹೇಗೆ? ಚಂದ್ರವಳ್ಳಿಯಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್ ಚಕ್ರವರ್ತಿಯ ನಾಣ್ಯ ಸಿಕ್ಕಿತು. ನಾಣ್ಯ ಟಂಕಿಸುವ ಮುಂಚೆ ಅದು ಮಣ್ಣು ಸೇರುವಂತಿಲ್ಲ. ಹಾಗಾಗಿ ಆ ಪದರ ಅದಕ್ಕಿಂತ ಹಿಂದಿನದಾಗಲಾರದು. ರೋಮಿನೊಡನೆ ವ್ಯಾಪಾರವಿದ್ದ, ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಸಿಕ್ಕಿದ್ದಂಥ ಸಾಲುಗೀರಿನ ನುಣುಪು ತಟ್ಟೆಗಳ ಚೂರೂ ಸಾಕ್ಷಿ ಹೇಳಿತು. ಮೇಲಿನ ಪದರಕ್ಕೆ ಹೀಗೆ ಇಸವಿ ಬಿದ್ದ ಮೇಲೆ ವೀಲರ್ ಅಂದಾಜಿನಿಂದ ಕೆಳಕ್ಕೆ ಇಳಿದು ಶಿಲಾಗೋರಿಗಳಿಗೆ ಕ್ರಿ.ಪೂ. 200, ಕಲ್ಲುಕೊಡಲಿಗೆ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭ ಎಂದರು.

ಈ ಗಡಿಯಾರ ಬಹಳ ಹಿಂದೆ ಓಡುತ್ತಿತ್ತು. ತಪ್ಪು ಹಿಡಿದದ್ದು ಇದ್ದಿಲು. ಗಿಡ ಬದುಕಿರುವಾಗ ಗಾಳಿಯಿಂದ ವಿಕಿರಣಶೀಲ ಇಂಗಾಲವನ್ನು ಪಡೆಯುತ್ತಿರುತ್ತದೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದರೆ ಗಿಡ ಸತ್ತ ಕಾಲ ತಿಳಿಯುತ್ತದೆ. ಬೂದಿದಿಬ್ಬಗಳ ಇದ್ದಿಲನ್ನು ಹೀಗೆ ಅಳೆದಾಗ ಅವುಗಳಲ್ಲಿ ಹಳೆಯವು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋದವು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಅಗೆದ ಮೇಲೆ ಕಬ್ಬಿಣವೂ ಕ್ರಿ.ಪೂ. 1000ದ ಸುತ್ತಮುತ್ತಕ್ಕೆ ಸರಿಯಿತು. ಆ ಸಾಲುಗೀರಿನ ತಟ್ಟೆಗಳು ರೋಮಿನವಲ್ಲ, ಭಾರತದಲ್ಲೇ ಮಾಡಿದವು ಎಂಬುದೂ ಆಮೇಲೆ ಗೊತ್ತಾಯಿತು. ಚಕ್ರವರ್ತಿಯ ಮುಖವಿದ್ದ ಬೆಳ್ಳಿಗಿಂತ ಹಟ್ಟಿಯ ಬೂದಿ ಹೆಚ್ಚು ನಿಜ ಹೇಳಿತು.

ಆದರೆ ಆ ಬೂದಿ ಕರಗುತ್ತಿದೆ. ದಿಬ್ಬದ ಮಣ್ಣು ಒಳ್ಳೆ ಗೊಬ್ಬರವೆಂದು ಗಾಡಿಗಟ್ಟಲೆ ಹೊಲ ಸೇರಿದೆ. ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ, ಸಾವಿರಾರು ವರ್ಷದ ಹಿಂದೆ ಗೂಳಿಗಳ ಚಿತ್ರ ಕುಟ್ಟಿದ ಕಪ್ಪು ಬಂಡೆಗಳ ಪಕ್ಕದಲ್ಲೇ ಕಲ್ಲು ಗಣಿಗಾರಿಕೆ ನಡೆದಿದೆ. ಕೂಡ್ಲಿಗಿಯ ಕುಮತಿಯಲ್ಲಿ ಮನುಷ್ಯಾಕೃತಿಯಲ್ಲಿ ಕಡೆದು ನಿಲ್ಲಿಸಿದ, ಬೃಹತ್ ಶಿಲಾಗೋರಿಗಳ ಕಾಲದ ನೆನಪಿನ ಕಲ್ಲುಗಳಿವೆ. ಇಡೀ ದೇಶದಲ್ಲೇ ಅಪರೂಪದವು, ಬಯಲಲ್ಲಿ ನಿಂತಿವೆ. ನಿಧಿಯಾಸೆಗೆ ಗೋರಿ ಒಡೆಯುವವರದು ಬೇರೆ ಹಾವಳಿ. ಆ ಗೋರಿಗಳೊಳಗೆ ಇರುವುದು ಎಲುಬು, ಗಡಿಗೆ, ತುಕ್ಕು ಹಿಡಿದ ಕಬ್ಬಿಣ. ಒಡೆದವನಿಗೆ ಚಿನ್ನವೂ ಇಲ್ಲ, ಮುಂದಿನವರಿಗೆ ಚರಿತ್ರೆಯೂ ಇಲ್ಲ.

ಇಂಗ್ಲೆಂಡಿನಲ್ಲಿ 1997ರಲ್ಲಿ ಒಂದು ಯೋಜನೆ ಶುರುವಾಯಿತು. ಹೊಲದಲ್ಲಿ ರೋಮನ್ ಕಾಲದ ನಾಣ್ಯವೋ ಗುಂಡಿಯೋ ಸಿಕ್ಕವರು ಜಿಲ್ಲೆಯಲ್ಲಿರುವ ತಜ್ಞರಿಗೆ ತೋರಿಸುತ್ತಾರೆ. ಅವರು ಅಳೆದು, ಚಿತ್ರ ತೆಗೆದು, ಸಿಕ್ಕ ಜಾಗ ಬರೆದುಕೊಳ್ಳುತ್ತಾರೆ. ಹೀಗೆ ದಾಖಲಾದ ವಸ್ತುಗಳು 10 ಲಕ್ಷ ದಾಟಿವೆ. ಯಾರೂ ಅಗೆಯದ ಹೊಲಗಳಲ್ಲಿ ರೋಮನ್ ಕಾಲದ ಹಳ್ಳಿ, ತೋಟದ ಮನೆಗಳು ಎಲ್ಲಿದ್ದವು ಎಂಬ ನಕಾಶೆಯೇ ಅದರಿಂದ ಮೂಡಿದೆ. ನಮ್ಮಲ್ಲಿ 1962ರ ನಿಧಿ ಕಾಯ್ದೆ ಇದೆ, ಬೆಲೆಬಾಳುವುದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಅದು ಬೇಕಾದದ್ದೇ. ಆದರೆ ಬೋಕಿಗೂ ಕಲ್ಲುಕೊಡಲಿಗೂ ಬೆಲೆ ಕಟ್ಟುವವರು ಯಾರು? ಹೊಲ ಕೈಬಿಟ್ಟೀತೆಂಬ ಅಂಜಿಕೆಯಿಲ್ಲದೆ ರೈತ ತನಗೆ ಸಿಕ್ಕಿದ್ದನ್ನು ತೋರಿಸಿ ಬರೆಸುವ ಒಂದು ಮೇಜು ಹಡಗಲಿಯಲ್ಲೋ ಕೊಟ್ಟೂರಿನಲ್ಲೋ ಇದ್ದರೆ ಈ ಸೀಮೆಯ ಚರಿತ್ರೆಯ ಎಷ್ಟೋ ಪುಟಗಳು ಉಳಿಯುತ್ತವೆ.

ಅಲ್ಲಿಯವರೆಗೆ ಹೊಲದಲ್ಲೇ ಮಾಡಬಹುದಾದದ್ದು ಇದೆ. ನುಣುಪಾಗಿ ತಿಕ್ಕಿದ, ಒಂದು ಬದಿ ಹರಿತವಾದ ಕರಿಕಲ್ಲು ಕಂಡರೆ, ಅಥವಾ ಒಂದೇ ಕಡೆ ಗುಂಪಾಗಿ ಕಪ್ಪು–ಕೆಂಪು ಬೋಕಿ ಎದ್ದರೆ, ಅಲ್ಲೇ ಬಿಟ್ಟು ಒಂದು ಚಿತ್ರ ತೆಗೆಯುವುದು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡುವುದು. ಸರ್ವೆ ನಂಬರ್, ಯಾವ ಬದುವಿನಿಂದ ಎಷ್ಟು ಹೆಜ್ಜೆ ಎಂಬುದನ್ನು ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿಡುವುದು. ವಸ್ತು ಸಿಕ್ಕ ಜಾಗ ತಿಳಿಯದೆ ಹೋದರೆ ಅದು ಬರೀ ಕಲ್ಲು. ಜಾಗ ತಿಳಿದಿದ್ದರೆ, ಮುಂದಿನ ಮುಂಗಾರಿನಲ್ಲಿ ಅದೇ ಬದುವಿನಿಂದ ನಡೆಯಲು ಯಾರಾದರೂ ಬರಬಹುದು.