ನ್ಯಾಯಾಲಯದಿಂದ ಸಮನ್ಸ್ ಬಂದರೆ ಹೆದರಬೇಡಿ: ನೊಂದವರಿಗೂ ಸಾಕ್ಷಿಗಳಿಗೂ ಇರುವ ನೆರವು



2023ರ ಜುಲೈನಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಪೂಜ್ಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗ ನಾಡಿನ ಜೈನ ಸಮಾಜ ಬೀದಿಗಿಳಿದು ನ್ಯಾಯ ಕೇಳಿತು. ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಆದರೆ ಮೆರವಣಿಗೆ ಒಂದು ದಿನದ್ದು, ನ್ಯಾಯಾಲಯದ ದಾರಿ ಬಹಳ ದೂರದ್ದು. ಯಾವುದೇ ಅಪರಾಧ ಪ್ರಕರಣದಲ್ಲಿ ಕಂಡವರು ಕಟಕಟೆಗೆ ಬಂದು ಕಂಡದ್ದನ್ನು ಹೇಳದಿದ್ದರೆ ಆರೋಪ ರುಜುವಾತಾಗುವುದು ಕಷ್ಟ. ಹಾಗೆ ಹೇಳಬೇಕಾದವರಿಗೆ ಕಾನೂನು ಕೊಡುವ ನೆರವು ಏನೆಂದು ಎಲ್ಲರೂ ತಿಳಿದಿರಬೇಕು. ಈ ನೆರವಿನ ಬಹುಪಾಲು ಕೇಳಿದವರಿಗಷ್ಟೇ ಸಿಗುತ್ತದೆ.

ತಣಿಸಂದ್ರ ಮುಖ್ಯರಸ್ತೆಯಲ್ಲಿ ಅಂಗಡಿ ನಡೆಸುವವರೊಬ್ಬರ ಕಣ್ಣೆದುರೇ ಚಾಕು ತೋರಿಸಿ ಸುಲಿಗೆ ನಡೆಯಿತು ಎಂದುಕೊಳ್ಳೋಣ. ಹಣ ಕಳೆದುಕೊಂಡವರು ನೊಂದವರು, ಅಂಗಡಿಯವರು ಸಾಕ್ಷಿ.

ಠಾಣೆಯಲ್ಲಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು. ಸಾಕ್ಷಿ ಮಹಿಳೆಯಾಗಿದ್ದರೆ, 15ಕ್ಕಿಂತ ಚಿಕ್ಕವರಾಗಿದ್ದರೆ, 60 ದಾಟಿದ್ದರೆ ಅಥವಾ ತೀವ್ರ ಕಾಯಿಲೆಯಲ್ಲಿದ್ದರೆ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಮನೆಗೇ ಬಂದು ವಿಚಾರಿಸಬೇಕು.

ಬೆದರಿಕೆ ಬಂದರೆ

"ಕೋರ್ಟಿಗೆ ಹೋದರೆ ನೋಡಿಕೊಳ್ಳುತ್ತೇವೆ" ಎಂಬ ಕರೆ ಬಂದರೆ ಸುಮ್ಮನಿರಬೇಡಿ. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದೇ ಏಳು ವರ್ಷಗಳವರೆಗೆ ಶಿಕ್ಷೆ ಇರುವ ಅಪರಾಧ. ಕರೆಯ ದಿನ, ಹೊತ್ತು, ಸಂಖ್ಯೆ ಬರೆದಿಟ್ಟುಕೊಂಡು ಲಿಖಿತ ದೂರು ಕೊಡಿ.

ಸಾಕ್ಷಿ ಸಂರಕ್ಷಣಾ ಯೋಜನೆ, 2018 ಎಂಬುದೊಂದಿದೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಇದನ್ನು ದೇಶಕ್ಕೆಲ್ಲ ಅನ್ವಯಿಸುವ ಕಾನೂನೆಂದು ಸಾರಿತು. ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೊಸ ಸಂಹಿತೆಯೂ ಹೇಳುತ್ತದೆ. 2018ರ ಯೋಜನೆ ಎಲ್ಲ ಸಣ್ಣ ಪ್ರಕರಣಗಳಿಗೂ ಅಲ್ಲ, ಗಂಭೀರ ಅಪರಾಧಗಳಿಗೆ ಮತ್ತು ಮಹಿಳೆಯರ ಮೇಲಿನ ಕೆಲವು ಅಪರಾಧಗಳಿಗೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ಪೊಲೀಸ್ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ಮನೆಯ ಬಳಿ ಗಸ್ತು, ನ್ಯಾಯಾಲಯಕ್ಕೆ ಬೆಂಗಾವಲು, ಆರೋಪಿಗೆ ಎದುರಾಗದಂತೆ ಏರ್ಪಾಡು, ಗುರುತು ಗುಟ್ಟಾಗಿಡುವುದು ಇವೆಲ್ಲ ಅದರಲ್ಲಿವೆ.

ನ್ಯಾಯಾಲಯದ ದಿನ

ಸಮನ್ಸ್‌ನಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯ, ದಿನಾಂಕ ನೋಡಿಕೊಳ್ಳಿ. ಬೇಗ ಹೋಗಿ ಸರ್ಕಾರಿ ಅಭಿಯೋಜಕರನ್ನು ಕಾಣಿ. ಮೊದಲು ಅವರು ಕೇಳುತ್ತಾರೆ, ಆಮೇಲೆ ಆರೋಪಿಯ ವಕೀಲರ ಪಾಟೀಸವಾಲು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಎನ್ನಿ. ಊಹೆ ಬೇಡ. ಬಂದು ಹೋಗುವ ಖರ್ಚಿಗೆ ಸಾಕ್ಷಿ ಬತ್ತೆ ಕೇಳಬಹುದು. ಸಾಕ್ಷಿ ಬಂದಿರುವಾಗ ವಿಶೇಷ ಕಾರಣವಿಲ್ಲದೆ ವಿಚಾರಣೆ ಮುಂದೂಡುವಂತಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ಸಾಕ್ಷಿ ಹೇಳುವಾಗ ಆರೋಪಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ಪೋಕ್ಸೊ ಕಾಯ್ದೆಯಡಿ ನ್ಯಾಯಾಲಯದ ಹೊಣೆ.

ನೊಂದವರಿಗೆ

ನ್ಯಾಯಾಲಯದ ಅನುಮತಿ ಪಡೆದು ಅಭಿಯೋಜಕರಿಗೆ ನೆರವಾಗಲು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ಆರೋಪಿ ಬಿಡುಗಡೆಯಾದರೆ ಮೇಲ್ಮನವಿಯ ಹಕ್ಕೂ ಇದೆ. ಅಪರಾಧದಿಂದ ನಷ್ಟ ಅಥವಾ ಗಾಯವಾಗಿ ಪುನರ್ವಸತಿ ಬೇಕಾದವರು ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011ರಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೊರೆ ಹೋಗಬಹುದು. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕಲು ಅವಕಾಶವಿದೆ. ಮಹಿಳೆಯರು, ಮಕ್ಕಳು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ವಿಚಾರಿಸಬಹುದು. ಸಹಾಯವಾಣಿ: 15100.

ಇನ್ನೊಂದು ನೆರವು ನಮ್ಮ ಕೈಯಲ್ಲೇ ಇದೆ. ನೆರೆಮನೆಯವರಿಗೆ ಸಮನ್ಸ್ ಬಂದಾಗ "ನಿನಗ್ಯಾಕೆ ಬೇಕಿತ್ತು ಉಸಾಬರಿ" ಎನ್ನದಿರೋಣ. ಆ ದಿನ ಅವರ ಜೊತೆ ನ್ಯಾಯಾಲಯದವರೆಗೆ ಹೋಗಿ, ಸಾಕ್ಷಿ ಮುಗಿಯುವ ತನಕ ಹೊರಗಿನ ಬೆಂಚಿನ ಮೇಲೆ ಕಾಯೋಣ.