ಹುಡುಗಾಟದ ಒಂದು ದಿನ, ಬದುಕಿಡೀ ಅದರ ಬಾಕಿ

2014ರ ಮಾರ್ಚ್ 28ರಂದು ‘ಉಳಿದವರು ಕಂಡಂತೆ’ ತೆರೆಗೆ ಬಂದಾಗ ಚಿತ್ರಮಂದಿರದಿಂದ ಹೊರಬಿದ್ದವರಲ್ಲಿ ತಲೆ ಕೆರೆದುಕೊಂಡವರೇ ಜಾಸ್ತಿ. ಕಥೆ ಒಂದು, ಹೇಳುವವರು ಹಲವರು. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಿಲ್ಲ. ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಆದರೆ ಕರಾವಳಿಯ ಸಸ್ಪೆನ್ಸ್ ಕಥೆ ಎಂದು ಇಂದು ನಾವು ಗುರುತು ಹಿಡಿಯುವ ಒಂದು ಜಾತಿಯ ಸಿನಿಮಾ ಇದ್ದರೆ, ಅದರ ಜಾತಕ ಬರೆಯಲು ಕೂರಬೇಕಾದದ್ದು ಇಲ್ಲಿಂದಲೇ.

ಬ್ರಹ್ಮಾವರದಿಂದ ತೆಂಕಕ್ಕೆ ತುಸು ದೂರದ ಮಲ್ಪೆ. ಇಬ್ಬರು ಹುಡುಗರು, ಗೆಳೆಯರು. ಚಿಕ್ಕಂದಿನಲ್ಲಿ ಒಂದು ಸಾವು ನಡೆದುಹೋಗುತ್ತದೆ. ಒಬ್ಬ ರಿಮ್ಯಾಂಡ್ ಹೋಮ್ ಸೇರುತ್ತಾನೆ, ಇನ್ನೊಬ್ಬ ಬೊಂಬಾಯಿಗೆ ಓಡುತ್ತಾನೆ. ವರ್ಷಗಳ ಮೇಲೆ ಓಡಿಹೋದ ರಾಘು ಗುಟ್ಟಾಗಿ ಊರಿಗೆ ಬರುತ್ತಾನೆ. ಒಳಗೆ ಕೊಳೆತು ಹೊರಬಂದ ರಿಚ್ಚಿ ಅಷ್ಟರಲ್ಲಿ ಊರಿನ ರೌಡಿ. ಅಷ್ಟಮಿಯ ಹುಲಿವೇಷದ ತಾಸೆ ಸದ್ದಿನ ನಡುವೆ ಲೆಕ್ಕ ಚುಕ್ತಾ ಆಗುತ್ತದೆ. ರಿಚ್ಚಿಯಾದವರು ನಿರ್ದೇಶಕ ರಕ್ಷಿತ್ ಶೆಟ್ಟಿ, ಉಡುಪಿಯವರು. ರಾಘು ಆದವರು ರಿಷಬ್ ಶೆಟ್ಟಿ, ಕುಂದಾಪುರ ತಾಲ್ಲೂಕಿನ ಕೆರಾಡಿಯವರು.

ಎಲ್ಲರೂ ಕುರೊಸಾವಾನ ‘ರಾಶೊಮನ್’ ನೆನೆಸಿಕೊಂಡರು. ನೆನೆಸಿಕೊಳ್ಳಲಿ, ತಪ್ಪಿಲ್ಲ. ಆದರೆ ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಯಕ್ಷಗಾನದ ಆಟ ನೋಡುತ್ತ ಚಾಪೆಯ ಮೇಲೆ ಬೆಳಗು ಮಾಡಿದವರಿಗೆ ಇದೇನು ಹೊಸತಲ್ಲ. ಅದೇ ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಒಂದೇ ಘಟನೆಗೆ ವಾಲಿ ಒಂದು ಅರ್ಥ ಹೇಳುತ್ತಾನೆ, ರಾಮ ಇನ್ನೊಂದು. ತೀರ್ಪು ಕೇಳುಗನ ಪಾಲಿಗೆ. ‘ಕರ್ಣಭೇದನ’ವನ್ನಂತೂ ಬಿಡಲಾಗದು. ಹುಟ್ಟಿದ ಕೂಡಲೇ ಹೊಳೆಗೆ ಬಿಟ್ಟ ಮಗು ದೊಡ್ಡವನಾಗಿ, ಗೆಳೆಯನ ಉಪ್ಪಿನ ಋಣದಲ್ಲಿ ನಿಂತಿರುವಾಗ ಕೃಷ್ಣ ಬಂದು ಗುಟ್ಟು ಒಡೆಯುತ್ತಾನೆ. ಸಭೆಯಲ್ಲಿ ಕೂತ ಅಜ್ಜಿಗೂ ಗುಟ್ಟು ಗೊತ್ತು, ಮಡಿಲಲ್ಲಿ ತೂಕಡಿಸುವ ಮೊಮ್ಮಗುವಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ, ಏಕೆಂದರೆ ಕರ್ಣನಿಗೆ ಇನ್ನೂ ಗೊತ್ತಾಗಿಲ್ಲ. ನಮ್ಮ ಸೀಮೆಯ ಸಸ್ಪೆನ್ಸ್ ಇದು: ಕೊಂದವನು ಯಾರು ಎಂಬ ಕುತೂಹಲ ಇಲ್ಲಿ ಬೇಗ ತೀರುತ್ತದೆ, ಆ ಭಾರ ಇಷ್ಟು ವರ್ಷ ಯಾರ ಬೆನ್ನ ಮೇಲಿತ್ತು, ಇಳಿಸುವಾಗ ಅವನು ಏನು ಮಾಡುತ್ತಾನೆ ಎಂಬುದು ಕೊನೆಯವರೆಗೂ ಕೂರಿಸುತ್ತದೆ.

ರಾಘುವಿನ ಬೊಂಬಾಯಿಯೂ ಚಿತ್ರಕಥೆಗಾಗಿ ಹುಟ್ಟಿದ್ದಲ್ಲ. ಕುಂದಾಪುರ, ಬೈಂದೂರು ಕಡೆಯ ಮನೆಗಳಲ್ಲಿ ‘ಓಡಿ ಹೋಯಿದ ಅಂಬ್ರ್’ ಎಂದು ಒಬ್ಬ ಚಿಕ್ಕಪ್ಪನ ಬಗ್ಗೆಯೋ ಮಾವನ ಬಗ್ಗೆಯೋ ಹೇಳದ ಮನೆ ಹುಡುಕುವುದು ಕಷ್ಟ. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕೆಲವರು ಮಾಲೀಕರಾಗಿ ಊರ ದೇವಸ್ಥಾನಕ್ಕೆ ಹೆಬ್ಬಾಗಿಲು ಕಟ್ಟಿಸಿದರು. ಅವರ ಕಥೆ ಸನ್ಮಾನ ಪತ್ರಗಳಲ್ಲಿದೆ. ಯಾಕೆ ಓಡಿದರು ಎಂಬುದು ಮಾತ್ರ ಯಾವ ಸನ್ಮಾನ ಪತ್ರದಲ್ಲೂ ಇರುವುದಿಲ್ಲ. ಬಡತನ ಎಂದು ಒಂದು ಪದದಲ್ಲಿ ಮುಗಿಸಿದ ಕಡೆ ಬೇರೆ ಏನೇನಿತ್ತೋ. ಯಶವಂತ ಚಿತ್ತಾಲರು 1979ರ ‘ಶಿಕಾರಿ’ ಕಾದಂಬರಿಯಲ್ಲಿ ಕೈ ಹಾಕಿದ್ದು ಈ ಹುಣ್ಣಿಗೇ. ಅವರದು ಉತ್ತರ ಕನ್ನಡದ ಹನೇಹಳ್ಳಿ. ಮುಂಬಯಿಯ ಕಂಪೆನಿ ಅಧಿಕಾರಿ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತುಗೊಳ್ಳುತ್ತಾನೆ. ಬೇಟೆಗಾರ ಯಾರೆಂದು ಅರಸಿದರೆ ಜಾಡು ಊರಿನ ಬಾಲ್ಯದತ್ತ ತಿರುಗುತ್ತದೆ. ಕನ್ನಡದ ಶ್ರೇಷ್ಠ ಥ್ರಿಲ್ಲರ್ ಯಾವುದೆಂದರೆ ನನ್ನ ಮತ ಇವತ್ತಿಗೂ ಅದಕ್ಕೇ.

ಇನ್ನೊಂದು ಬೇರು ದೈವದ್ದು. ಬೊಬ್ಬರ್ಯ, ಹಾಯ್ಗುಳಿ, ಪಂಜುರ್ಲಿ ಎಂದು ಹೆಸರು ಹೇಳಿ ಕೈಮುಗಿಯುವ ಈ ಸೀಮೆಯಲ್ಲಿ ಅನ್ಯಾಯಕ್ಕೆ ಸತ್ತವರು ದೈವವಾಗಿ ಬಂದು ನ್ಯಾಯ ಕೇಳುವ ಕಥೆಗಳು ಎಷ್ಟೋ ಇವೆ. ಸದಾನಂದ ಸುವರ್ಣರು 1990ರ ಆಸುಪಾಸಿನಲ್ಲಿ ದೂರದರ್ಶನಕ್ಕೆ ‘ಗುಡ್ಡದ ಭೂತ’ ಧಾರಾವಾಹಿ ಮಾಡಿದಾಗ ಈ ನಂಬಿಕೆಯ ಭಯವನ್ನೇ ಪತ್ತೇದಾರಿಗೆ ಹಚ್ಚಿದರು. ಪ್ರಕಾಶ್ ರೈ ಅದರಲ್ಲಿದ್ದರು. ಅದರ ಶೀರ್ಷಿಕೆ ಗೀತೆಯ ‘ಡೆನ್ನಾನ’ ಕೇಳಿ ಹೊದಿಕೆಯೊಳಗೆ ಮುಖ ಹುದುಗಿಸಿದ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, 2015ರ ಜುಲೈನಲ್ಲಿ, ಅನೂಪ್ ಭಂಡಾರಿ ‘ರಂಗಿತರಂಗ’ದಲ್ಲಿ ಅದನ್ನೇ ಮತ್ತೆ ಕೇಳಿಸಿದರು. ಪ್ರೇಕ್ಷಕರ ಬಾಲ್ಯದ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಚಾಲಾಕಿತನ ಅದು. ಕೆಲಸವೂ ಮಾಡಿತು.

ಓಡಿಹೋದವರದು, ದೈವದ್ದು, ಈ ಎರಡೂ ಬೇರು ಒಂದೆಡೆ ಕೂಡಿದ್ದು ಕೆರಾಡಿಯಲ್ಲಿ. 2022ರ ಸೆಪ್ಟೆಂಬರ್ 30ಕ್ಕೆ ಬಂದ ‘ಕಾಂತಾರ’ವನ್ನು ರಿಷಬ್ ತಮ್ಮ ಊರಿನಲ್ಲೇ ಚಿತ್ರೀಕರಿಸಿದರು. ಅದರಲ್ಲಿ ಜನ ಹೊತ್ತು ಮೆರೆಸಿದ್ದು ಕೊನೆಯ ಇಪ್ಪತ್ತು ನಿಮಿಷ. ನನಗೆ ಮುಖ್ಯವೆನಿಸುವುದು ಮೊದಲಿನ ಒಂದು ದೃಶ್ಯ. 1970. ದೈವದ ಕೋಲ ನಡೆದಿದೆ. ಮಾತಾಡುತ್ತಿರುವುದು ದೈವವೋ ನರ್ತಕನೋ ಎಂದು ದೊರೆ ಮನೆತನದವನು ಹಂಗಿಸುತ್ತಾನೆ. ನರ್ತಕ ಕಾಡಿನೊಳಕ್ಕೆ ಓಡುತ್ತಾನೆ, ಮಾಯವಾಗುತ್ತಾನೆ. ನೋಡುತ್ತಿರುವವರಲ್ಲಿ ಅವನ ಮಗ ಶಿವನೂ ಇದ್ದಾನೆ. ಮುಂದೆ ಶಿವ ಕಂಬಳದ ಕೋಣ ಓಡಿಸುತ್ತಾನೆ, ಗೆಳೆಯರೊಂದಿಗೆ ಹಂದಿ ಬೇಟೆಯಾಡುತ್ತಾನೆ, ಕುಡಿಯುತ್ತಾನೆ, ಹೊಡೆದಾಡುತ್ತಾನೆ. ನಿದ್ದೆ ಹತ್ತಿದರೆ ಮಾತ್ರ ಬೆಚ್ಚಿ ಎದ್ದು ಕೂರುತ್ತಾನೆ. ಅಪ್ಪನ ಗಗ್ಗರ ಕಟ್ಟಲೊಲ್ಲದೆ ಅವನು ತಪ್ಪಿಸಿಕೊಳ್ಳುತ್ತಾನೆ, ಅದನ್ನು ಕಟ್ಟಿದ ಸೋದರಸಂಬಂಧಿ ಗುರುವ ಕೊಲೆಯಾಗುತ್ತಾನೆ. ಒಬ್ಬ ಓಡುತ್ತಾನೆ, ಉಳಿದವನು ತೆರುತ್ತಾನೆ. ಎಂಟು ವರ್ಷದ ಹಿಂದಿನ ಮಲ್ಪೆಯ ಲೆಕ್ಕವೇ.

ಹೋಲಿಕೆ ಆಕಸ್ಮಿಕವೂ ಅಲ್ಲ. ಕಿಶೋರ್, ಅಚ್ಯುತ್ ಕುಮಾರ್ ಎರಡರಲ್ಲೂ ಇದ್ದಾರೆ, ಎರಡಕ್ಕೂ ಸಂಗೀತ ಅಜನೀಶ್ ಲೋಕನಾಥ್ ಅವರದು. ಅಂದು ಓಡಿಹೋದ ಗೆಳೆಯನ ಪಾತ್ರ ಮಾಡಿದ ರಿಷಬ್ ಇಲ್ಲಿ ಓಡಿ ಓಡಿ ಸುಸ್ತಾದವನ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು.

ಒಂದು ತಕರಾರು ಇದೆ. ಇವೆಲ್ಲ ಗಂಡುಹುಡುಗರ ಕಥೆಗಳು. ರಾಘುವಿನ ತಾಯಿ ರತ್ನಕ್ಕ ಕಾಯುತ್ತಾಳೆ, ಶಿವನ ತಾಯಿ ಬೈಯುತ್ತಾಳೆ, ಲೀಲಾ ಶಿವನನ್ನು ಪ್ರೀತಿಸುತ್ತಾಳೆ. ಓಡಲು ಬೊಂಬಾಯಿಯೂ ಇಲ್ಲದ, ಕಟ್ಟಲು ಗಗ್ಗರವೂ ಇಲ್ಲದ ಹುಡುಗಿಯರ ಬಾಲ್ಯ ಏನಾಯಿತು? ಕುಂದಾಪುರದಲ್ಲೇ ಹುಟ್ಟಿದ ವೈದೇಹಿ ಅದನ್ನು ಬರೆದು ಎಷ್ಟೋ ಕಾಲವಾಯಿತು. ಅವರ ಒಂದು ಕಥೆಯಲ್ಲಿ ಅಕ್ಕುವಿನ ಗಂಡ ಕಾಣೆಯಾಗಿದ್ದಾನೆ. ಊರೆಲ್ಲ ಅವಳನ್ನು ಹುಚ್ಚಿ ಎನ್ನುತ್ತದೆ. ಇನ್ನೊಂದರಲ್ಲಿ ಅಮ್ಮಚ್ಚಿಗೆ ಕಾವಲಾಗಿ ನಿಂತ ವೆಂಕಪ್ಪಯ್ಯನೇ ಅವಳ ಸೆರೆಮನೆ, ಅದನ್ನು ಒಳಗಿನಿಂದ ಕಂಡವಳು ಗೆಳತಿ ಸೀತೆ. ಚಂಪಾ ಶೆಟ್ಟಿ ಈ ಕಥೆಗಳನ್ನು 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಎಂದು ಕುಂದಗನ್ನಡದಲ್ಲೇ ತೆರೆಗೆ ತಂದರು. ಅದನ್ನು ಕೌಟುಂಬಿಕ ಚಿತ್ರದ ಪಟ್ಟಿಗೆ ಸೇರಿಸಿ ನಾವು ಸುಮ್ಮನಾದೆವು. ನನ್ನನ್ನು ಕೇಳಿದರೆ ಅದೂ ಥ್ರಿಲ್ಲರೇ. ಮನೆಯ ಜಗಲಿಯಲ್ಲಿ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು ನಡೆಯುವಂಥದ್ದು.